ಬೆಂಚಿನಿಂದ ಎದ್ದು ಬಂದ ಕೋಚ್

ಅಮೆರಿಕದ ಬಾಸ್ಕೆಟ್‌ಬಾಲ್ ಕೋಚ್ ಸ್ಟೀವ್ ಕರ್ ಅಂದ ಕೂಡಲೇ ಎಲ್ಲರೂ ಚಾಂಪಿಯನ್‌ಶಿಪ್ ಲೆಕ್ಕ ಹೇಳುತ್ತಾರೆ. ಆಟಗಾರರಾಗಿ 5, ಗೋಲ್ಡನ್ ಸ್ಟೇಟ್ ವಾರಿಯರ್ಸ್ ಕೋಚ್ ಆಗಿ 4. ನನಗೆ ಅದಕ್ಕಿಂತ ಜಾಸ್ತಿ ಇಷ್ಟ ಇನ್ನೊಂದು ಲೆಕ್ಕ. ಅಮೆರಿಕದ ದೊಡ್ಡ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ 910 ಪಂದ್ಯ ಆಡಿದ ಇವರು ಮೊದಲ ಐವರಲ್ಲಿ ಒಬ್ಬರಾಗಿ ಅಂಕಣಕ್ಕೆ ಇಳಿದದ್ದು ಬರೀ 30 ಸಲ. ಉಳಿದದ್ದೆಲ್ಲ ಬೆಂಚಿನಿಂದ ಎದ್ದು ಹೋಗಿ ಆಡಿದ್ದು.

ಮಂಗಳೂರಿನಲ್ಲಿ ಹೈಸ್ಕೂಲ್ ಹುಡುಗಿಯರಿಗೆ ಬಾಸ್ಕೆಟ್‌ಬಾಲ್ ಕಲಿಸುವವಳು ನಾನು. ತಂಡದಲ್ಲಿ 12 ಮಂದಿ, ಆಡುವವರು 5. ಉಳಿದ 7 ಮಕ್ಕಳ ಅಪ್ಪ ಅಮ್ಮಂದಿರೂ ಸುರತ್ಕಲ್ಲಿಂದ, ಉಳ್ಳಾಲದಿಂದ ಬಸ್ಸು ಹತ್ತಿ ಮ್ಯಾಚ್ ನೋಡಲು ಬಂದಿರುತ್ತಾರೆ. ಬೆಂಚಿನಲ್ಲಿರುವವರ ಶೂ ಕಡೆಗೆ ನನ್ನ ಒಂದು ಕಣ್ಣು ಯಾವಾಗಲೂ ಇರುತ್ತದೆ. ಒಬ್ಬಳು ಲೇಸ್ ಸಡಿಲ ಮಾಡಿಕೊಂಡಳು ಅಂದರೆ, ಇವತ್ತು ಆಡುವ ಆಸೆ ಬಿಟ್ಟಳು ಅಂತಲೇ ಅರ್ಥ.

ಕರ್ ಮಾತ್ರ ಲೇಸ್ ಸಡಿಲ ಮಾಡಿದವರಲ್ಲ. ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸುವ ಡ್ರಾಫ್ಟ್‌ನಲ್ಲಿ, 1988ರಲ್ಲಿ, ಅವರು 50ನೆಯವರು. ಎತ್ತರವೂ ಇಲ್ಲ, ವೇಗವೂ ಇಲ್ಲ. ಇದ್ದದ್ದು ಒಂದೇ, ಶೂಟಿಂಗ್. ಮೂರು ಅಂಕದ ಶಾಟ್‌ಗಳಲ್ಲಿ ಶೇ. 45.4 ಬುಟ್ಟಿಗೆ ಬಿದ್ದಿವೆ. ಎನ್‌ಬಿಎ ಚರಿತ್ರೆಯಲ್ಲೇ ಮೊದಲ ಸ್ಥಾನ ಅದು. 1997ರ ಫೈನಲ್ ಸರಣಿಯ ಆರನೇ ಪಂದ್ಯ ನೋಡಿ. ಕರ್ ಆಡುತ್ತಿದ್ದ ಶಿಕಾಗೋ ಬುಲ್ಸ್, ಎದುರು ಯೂಟಾ ಜಾಝ್, 86-86. ಯೂಟಾದ ಸ್ಟಾಕ್ಟನ್ ನನ್ನನ್ನು ಬಿಟ್ಟು ನಿನ್ನ ಮೇಲೆ ಬಂದರೆ ನಾನು ರೆಡಿ ಇರ್ತೇನೆ ಅಂತ ಟೈಮ್‌ಔಟ್‌ನಲ್ಲಿ ತಮ್ಮ ತಂಡದ ಮೈಕಲ್ ಜೋರ್ಡಾನ್‌ಗೆ ಕರ್ ಹೇಳಿದ್ದರು. ಸ್ಟಾಕ್ಟನ್ ಹಾಗೇ ಓಡಿ ಬಂದರು, ಜೋರ್ಡಾನ್ ಪಾಸ್ ಕೊಟ್ಟರು, ಕರ್ ಹಾಕಿದರು. ಐದು ಸೆಕೆಂಡ್ ಉಳಿದಿತ್ತು.

ಆದರೆ ನಾನು ಮಕ್ಕಳಿಗೆ ತೋರಿಸುವುದು 2003ರ ವಿಡಿಯೊ. ಆಗ ಅವರಿಗೆ 37, ಸ್ಯಾನ್ ಆಂಟೋನಿಯೊ ಸ್ಪರ್ಸ್‌ನಲ್ಲಿ. ಆ ವರ್ಷದ ಪ್ಲೇಆಫ್‌ನಲ್ಲಿ, ಅಂದರೆ ಲೀಗ್ ಮುಗಿದ ಮೇಲಿನ ನಾಕ್‌ಔಟ್ ಸರಣಿಗಳಲ್ಲಿ, ಹೆಚ್ಚು ಕಡಿಮೆ ಕೂತೇ ಇದ್ದವರು. ಡಲ್ಲಾಸ್ ವಿರುದ್ಧ ಆರನೇ ಪಂದ್ಯದಲ್ಲಿ ತಂಡ ಹಿಂದೆ ಬಿದ್ದಿತ್ತು. ಇವರನ್ನು ಇಳಿಸಿದರು. ನಾಲ್ಕು ತ್ರೀ ಪಾಯಿಂಟರ್ ಹೊಡೆದರು, ನಾಲ್ಕೂ ಒಳಗೆ. ವಾರಗಟ್ಟಲೆ ಕೂತವನ ಕೈ ಬಿಗಿದಿರುತ್ತದೆ, ಶಾಟ್ ಗಿಡ್ಡವಾಗುತ್ತದೆ. ಆಡಿದವರಿಗೆಲ್ಲ ಗೊತ್ತಿರುವ ಮಾತು ಇದು. ಅವರ ಮೊಣಕೈ ಮಾತ್ರ ಪ್ರತಿ ಸಲ ಒಂದೇ ಜಾಗದಲ್ಲಿ. ಯಾರೂ ನೋಡದ ಹೊತ್ತಿನಲ್ಲಿ ಎಷ್ಟು ಶಾಟ್ ಹಾಕಿರಬೇಕು, ಅಲ್ವಾ! ಮಳೆಗಾಲದಲ್ಲಿ ನಮ್ಮ ಸಿಮೆಂಟ್ ಕೋರ್ಟಿಗೆ ಪಾಚಿ ಹಿಡಿದಾಗ ಜಗಲಿಯಲ್ಲಿ ಗೋಡೆಗೆ ಬಾಲ್ ಎಸೆಸುತ್ತೇನೆ. ಬೋರ್ ಆಗ್ತದೆ ಟೀಚರ್ ಅಂದವರಿಗೆ ಈ ವಿಡಿಯೊ.

ಮಧ್ಯೆ ಟಿವಿ ಕಾಮೆಂಟರಿ, ಫೀನಿಕ್ಸ್ ಸನ್ಸ್‌ನ ಆಡಳಿತ ಎಲ್ಲ ಆಯಿತು. 2014ರಲ್ಲಿ ವಾರಿಯರ್ಸ್ ಕೋಚ್ ಆದರು. ಅದುವರೆಗೆ ಎಲ್ಲ ಪಂದ್ಯಗಳಲ್ಲೂ ಮೊದಲ ಐವರಲ್ಲೇ ಇದ್ದ ತಂಡದ ಆಟಗಾರ ಆಂದ್ರೆ ಇಗ್ವಡಾಲಾ ಅವರನ್ನು ಬೆಂಚಿನಿಂದ ಬರಲು ಒಪ್ಪಿಸಿದರು. ಅದೇ ಇಗ್ವಡಾಲಾ 2015ರ ಫೈನಲ್‌ನಲ್ಲಿ ಅತ್ಯುತ್ತಮ ಆಟಗಾರ. ಬೆಂಚಿನ ರುಚಿ ಗೊತ್ತಿಲ್ಲದವರು ಕೇಳಿದ್ದರೆ ಅಂಥ ಆಟಗಾರ ಒಪ್ಪುತ್ತಿದ್ದರೇ? ನನಗೆ ಅನುಮಾನ. ಫೆಬ್ರವರಿ 2018ರಲ್ಲಿ ಒಂದು ಪಂದ್ಯದ ಟೈಮ್‌ಔಟ್‌ಗಳಲ್ಲಿ ಪ್ಲಾನ್ ಬರೆಯುವ ಬೋರ್ಡನ್ನೇ ಆಟಗಾರರ ಕೈಗೆ ಕೊಟ್ಟುಬಿಟ್ಟರು. ನಾನೂ ಅದನ್ನು ಮಾಡಿದ್ದೇನೆ. ಬೆಂಚಿನಲ್ಲಿದ್ದವರೇ ಚೆನ್ನಾಗಿ ಪ್ಲಾನ್ ಬರೆಯುತ್ತಾರೆ ಮಾರಾಯ್ರೆ, ಅವರು ಇಡೀ ಆಟ ನೋಡಿರುತ್ತಾರೆ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅಮೆರಿಕ ತಂಡಕ್ಕೂ ಕರ್ ಅವರೇ ಕೋಚ್. ಸರ್ಬಿಯಾ ವಿರುದ್ಧ ಮೊದಲ ಪಂದ್ಯದಲ್ಲಿ ಎನ್‌ಬಿಎ ತಾರೆ ಜೇಸನ್ ಟೇಟಮ್ ಅವರನ್ನು ಒಂದು ನಿಮಿಷವೂ ಆಡಿಸಲಿಲ್ಲ. ಜನ ಬೈದರು. ನಾನು ಬೈಯಲಾರೆ. 40 ನಿಮಿಷದ ಆಟ, 12 ಮಂದಿ, ಯಾರೋ ಕೂರಲೇಬೇಕು. ಕೂರುವವಳಿಗೆ ಆ ವಿಷಯ ಮ್ಯಾಚಿಗೆ ಮೊದಲೇ, ನನ್ನ ಬಾಯಿಂದಲೇ, ಕಾರಣದ ಸಮೇತ ಗೊತ್ತಾಗಬೇಕು. ಅಷ್ಟನ್ನು ನಾನು ತಪ್ಪಿಸುವುದಿಲ್ಲ.