ಝೋನ್ ಕವರೇಜ್‌ನ ಬಲ ಮತ್ತು ಅದರ ಬಿರುಕುಗಳು

ಸೋಮವಾರ ನಸುಕಿಗೇ ಎದ್ದು ನನ್ನೊಡನೆ ಅಮೆರಿಕನ್ ಫುಟ್‌ಬಾಲ್ ನೋಡುವ ಮೈಸೂರಿನ ಗೆಳೆಯರು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ: ಎದುರಾಳಿ ರಿಸೀವರ್ (ಪಾಸ್ ಹಿಡಿಯುವ ಆಟಗಾರ) ಪಕ್ಕದಲ್ಲೇ ಓಡಿಹೋದರೂ ರಕ್ಷಕನು ಅವನ ಬೆನ್ನು ಹತ್ತದೆ ತನ್ನ ಜಾಗದಲ್ಲೇ ಏಕೆ ಉಳಿಯುತ್ತಾನೆ? ಮ್ಯಾನ್ ಕವರೇಜ್‌ನಲ್ಲಿ ರಕ್ಷಕನಿಗೆ ಒಬ್ಬ ಆಟಗಾರನ ಹೊಣೆಯಿರುತ್ತದೆ. ಝೋನ್ ಕವರೇಜ್‌ನಲ್ಲಿ ಮೈದಾನದ ಒಂದು ಭಾಗದ ಹೊಣೆಯಿರುತ್ತದೆ. ಈ ವಿಧಾನದ ಬಲವೂ ದೌರ್ಬಲ್ಯವೂ ಅಲ್ಲಿಂದಲೇ ಹುಟ್ಟುತ್ತವೆ.

ರಿಸೀವರ್‌ನನ್ನು ಬೆನ್ನಟ್ಟುವವನು ಎಷ್ಟೋ ಸಲ ಚೆಂಡಿಗೆ ಬೆನ್ನು ತಿರುಗಿಸಲೇಬೇಕಾಗುತ್ತದೆ. ಝೋನ್‌ನಲ್ಲಿರುವವನಾದರೋ ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್‌ನ ನೋಟವನ್ನೂ ಭುಜದ ತಿರುವನ್ನೂ ಗಮನಿಸುತ್ತ, ಚೆಂಡು ಕೈಬಿಡುವ ಮೊದಲೇ ಅದು ಬರುವ ಕಡೆಗೆ ಸರಿಯಬಲ್ಲ. ಕ್ವಾರ್ಟರ್‌ಬ್ಯಾಕ್ ತಾನೇ ಚೆಂಡು ಹಿಡಿದು ಓಡಿದರೂ ಅದನ್ನು ಕಾಣಬಲ್ಲ. 2003ರ ಜನವರಿಯಲ್ಲಿ ನಡೆದ ಲೀಗ್‌ನ ಅಂತಿಮ ಪಂದ್ಯ ಸೂಪರ್ ಬೌಲ್‌ನಲ್ಲಿ ಟ್ಯಾಂಪಾ ಬೇ ಬಕನೀರ್ಸ್ ತಂಡವು ಓಕ್ಲೆಂಡ್ ರೈಡರ್ಸ್ ವಿರುದ್ಧ 48–21ರಿಂದ ಗೆದ್ದಾಗ, ಟ್ಯಾಂಪಾದ ರಕ್ಷಣಾ ತರಬೇತುದಾರ ಮಾಂಟಿ ಕಿಫಿನ್ ಅವರು ರೂಪಿಸಿದ ರಕ್ಷಣೆಯು ರೈಡರ್ಸ್‌ನ ಕ್ವಾರ್ಟರ್‌ಬ್ಯಾಕ್ ರಿಚ್ ಗ್ಯಾನನ್ ಎಸೆದ 5 ಚೆಂಡುಗಳನ್ನು ನಡುವೆಯೇ ಕಸಿದು, ಅವುಗಳಲ್ಲಿ 3ನ್ನು ಎದುರಾಳಿಯ ಗೋಲಿನ ಗೆರೆ ದಾಟಿಸಿ ಟಚ್‌ಡೌನ್ ಆಗಿಸಿತು. ಚೆಂಡಿನ ಮೇಲೆ ಕಣ್ಣಿಡುವ ರಕ್ಷಣೆಯ ಫಲವನ್ನು ತೋರಿಸಲು ನಾನು ಮೊದಲು ಹೆಸರಿಸುವ ಪಂದ್ಯ ಅದೇ.

ಆದರೆ ಮೈದಾನದ ಅಗಲ 160 ಅಡಿ. ಕವರ್ 2 ಎಂಬ ಝೋನ್ ವಿನ್ಯಾಸದಲ್ಲಿ ಇಬ್ಬರು ಸೇಫ್ಟಿಗಳು (ಎಲ್ಲರಿಗಿಂತ ಹಿಂದೆ ನಿಲ್ಲುವ ರಕ್ಷಕರು) ಹಿಂಭಾಗವನ್ನು ಅರ್ಧರ್ಧ ಹಂಚಿಕೊಳ್ಳುವುದರಿಂದ ಒಬ್ಬೊಬ್ಬನ ಪಾಲಿಗೆ 80 ಅಡಿ ಬರುತ್ತದೆ. ನಮ್ಮ ಮಂಡ್ಯದ ನಾಲೆಗಳಲ್ಲಿ ಒಬ್ಬ ನೀರುಗಂಟಿಯ ಸರಹದ್ದು ಮುಗಿದು ಇನ್ನೊಬ್ಬನದು ತೊಡಗುವಲ್ಲಿ ನೀರು ಸೋರಿದಂತೆ, ಇಲ್ಲಿಯೂ ಸೋರಿಕೆ ಗಡಿಗಳಲ್ಲೇ: ಸೇಫ್ಟಿಗಳಿಬ್ಬರ ನಡುವೆ, ಮತ್ತು ಅಂಚಿನ ಗೆರೆಯ ಬಳಿ ಅಲ್ಲಿನ ರಕ್ಷಕನಾದ ಕಾರ್ನರ್‌ಬ್ಯಾಕ್‌ನ ಹಿಂದೆ, ಸೇಫ್ಟಿಯ ಮುಂದೆ. ನಡುವಿನ ಬಿರುಕನ್ನು ಮುಚ್ಚಲೆಂದೇ ಟ್ಯಾಂಪಾ ತಂಡವು ಮುಂಚೂಣಿಯ ಬೆನ್ನಿಗೇ ನಿಲ್ಲುವ ಮಧ್ಯದ ಲೈನ್‌ಬ್ಯಾಕರ್‌ನನ್ನು ಹಿಂದಕ್ಕೆ ಓಡಿಸುತ್ತಿತ್ತು. ಆಗ ಅವನು ಬಿಟ್ಟುಹೋದ ಜಾಗ ತೆರವಾಗುತ್ತಿತ್ತು. ಕವರ್ 3ರಲ್ಲಿ ಹಿಂಭಾಗವನ್ನು ಮೂವರು ಕಾಯುತ್ತಾರೆ, ಆದರೆ ನಾಲ್ವರು ರಿಸೀವರ್‌ಗಳು ನೇರವಾಗಿ ಮುನ್ನುಗ್ಗಿದರೆ ಒಬ್ಬ ಹೆಚ್ಚಾಗುತ್ತಾನೆ.

ಹೀಗೆ 15 ಗಜದ ಪಾಸ್ ಸಿಕ್ಕಾಗಲೆಲ್ಲ ಸೇಫ್ಟಿಯನ್ನು ದೂರುವುದು ನನಗೆ ನ್ಯಾಯವೆನಿಸುವುದಿಲ್ಲ. ಏಳು ಜನ ಹಿಂದೆ ಸರಿದಾಗ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಲು ಉಳಿಯುವವರು ನಾಲ್ವರೇ. ಅವರು ಬೇಗ ತಲುಪದಿದ್ದರೆ ಎಂಥ ಝೋನ್ ಆದರೂ ಕೊನೆಗೆ ಬಿರಿಯುತ್ತದೆ. ತರಬೇತುದಾರ ಡಿಕ್ ಲೆಬೋ ಅವರು ಬೆಳೆಸಿದ ಝೋನ್ ಬ್ಲಿಟ್ಜ್ ಈ ಕೊರತೆಗೆ ನಾನು ಕಂಡ ಅತ್ಯಂತ ಜಾಣ ಉತ್ತರ: ಲೈನ್‌ಬ್ಯಾಕರ್ ಮುನ್ನುಗ್ಗುತ್ತಾನೆ, ಮುಂಚೂಣಿಯ ದೈತ್ಯದೇಹಿಯೊಬ್ಬ ಹಿಂದೆ ಸರಿದು ಪಾಸ್ ಕಾಯುತ್ತಾನೆ, ಮತ್ತು ಒತ್ತಡ ಯಾವ ದಿಕ್ಕಿನಿಂದ ಬರುವುದೆಂದು ಕ್ವಾರ್ಟರ್‌ಬ್ಯಾಕ್ ಮೊದಲೇ ಅರಿಯಲಾರ.