ಯಾವ ಟೆಸ್ಟ್ ಹಚ್ಚಿದ್ರ ಬರ್ತದ?

“ಅತ್ಯಾ, ಯಾವ ಟೆಸ್ಟ್ ಹಚ್ಚಿದ್ರ ಸಿಗ್ನಿಫಿಕಂಟ್ ಬರ್ತದ?”

ರವಿವಾರ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ಕಾಲೇಜಿನ ಸರ್ವೆ ಪ್ರಾಜೆಕ್ಟ್ ಮುಂದಿಟ್ಟುಕೊಂಡು ಅಣ್ಣನ ಮಗಳು ಕೇಳಿದ್ದು ಇಷ್ಟೇ. ಸಿಗ್ನಿಫಿಕಂಟ್ ಅಂದರೆ, ಕಂಡ ವ್ಯತ್ಯಾಸ ಬರೀ ಆಕಸ್ಮಿಕ ಎನ್ನುವುದು ಕಷ್ಟ ಎಂದು ಸಂಖ್ಯಾಶಾಸ್ತ್ರದ ಟೆಸ್ಟ್ ಹೇಳುವುದು. ಕೇಳುವಾಗ ಮುಖದಲ್ಲಿ ಸಂಕೋಚವಿರಲಿಲ್ಲ, ಕಳ್ಳತನವೂ ಇರಲಿಲ್ಲ. ಹುಡುಗಿ ಸೋಮಾರಿಯಲ್ಲ, ಸುಳ್ಳು ಹೇಳುವವಳೂ ಅಲ್ಲ. ಅದಕ್ಕೇ ವಾರವಿಡೀ ಥಾಣೆಯ ಪ್ಲಾಟ್‌ಫಾರ್ಮಿನಲ್ಲಿ, ಆಫೀಸಿನಲ್ಲಿ, ರಾತ್ರಿ ಪಾತ್ರೆ ತೊಳೆಯುವಾಗ ಆ ಮಾತೇ ತಲೆಯಲ್ಲಿ ಸುತ್ತುತ್ತಿದೆ. ಯಾವ ಟೆಸ್ಟ್ ಹಾಕಬೇಕು ಎಂದು ಕೇಳಿದ್ದರೆ ಹೇಳಿಕೊಟ್ಟು ಊಟಕ್ಕೆ ಏಳುತ್ತಿದ್ದೆ. ಧಾರವಾಡದಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದಿದ್ದು ಅಷ್ಟಕ್ಕಾದರೂ ಬರುತ್ತದೆ. ಇವಳು ಉತ್ತರವನ್ನು ಮೊದಲೇ ಇಟ್ಟುಕೊಂಡು ಅದಕ್ಕೆ ಒಪ್ಪುವ ಟೆಸ್ಟ್ ಹುಡುಕುತ್ತಿದ್ದಳು.

ಪ್ರಾಜೆಕ್ಟಿನ ವಿಷಯ ಮಾತ್ರ ಚೆನ್ನಾಗಿದೆ: ಲೋಕಲ್‌ನಲ್ಲಿ ಓಡಾಡುವ ಕಾಲೇಜು ಮಕ್ಕಳ ನಿದ್ದೆ. ಸೆಂಟ್ರಲ್, ವೆಸ್ಟರ್ನ್, ಹಾರ್ಬರ್ ಮೂರೂ ಲೈನಿನವರಿಗೆ ಗೂಗಲ್ ಫಾರ್ಮ್ ಕಳಿಸಿ ನೂರಕ್ಕೂ ಹೆಚ್ಚು ಉತ್ತರ ತರಿಸಿದ್ದಾಳೆ. ದಿನಾ ಬೆಳಿಗ್ಗೆ ಫಾಸ್ಟ್ ಲೋಕಲ್ಲಿನ ಲೇಡೀಸ್ ಡಬ್ಬಿಗೆ ಜೋತುಬೀಳುವವಳಿಗೆ ಈ ವಿಷಯವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗೈಡ್ ಸರ್ ಹೇಳಿದ್ದು ಒಂದೇ ಅಂತೆ, ಕನಿಷ್ಠ ಐದು ಟೆಸ್ಟ್ ಇರಬೇಕು. ಯಾವ ಐದು, ಯಾತಕ್ಕೆ ಎಂದು ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಆ ಸರ್ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಆದರೆ ಇಡೀ ಕ್ಲಾಸಿನ ಪ್ರಾಜೆಕ್ಟುಗಳನ್ನು ಒಬ್ಬರೇ ನೋಡಬೇಕಾದವರ ಮೇಲೆ ಸಿಟ್ಟಾಗುವುದೂ ಅಷ್ಟೇನೂ ನ್ಯಾಯವಲ್ಲ.

ಅವಳ ಮುಖ್ಯ ಪ್ರಶ್ನೆ: ಒಂದು ಗಂಟೆಗಿಂತ ಹೆಚ್ಚು ಹೊತ್ತು ಪ್ರಯಾಣ ಮಾಡುವವರ ನಿದ್ದೆಗೂ ಉಳಿದವರ ನಿದ್ದೆಗೂ ವ್ಯತ್ಯಾಸ ಇದೆಯೇ? ಎರಡು ಗುಂಪು, ಎರಡು ಸರಾಸರಿ, ಟಿ-ಟೆಸ್ಟ್. ಅಲ್ಲಿಯತನಕ ಸರಿ. ನಿಜವಾದ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ವ್ಯತ್ಯಾಸ ಕಾಣುವ ಸಂಭವ, ಅಂದರೆ ಪಿ-ವ್ಯಾಲ್ಯೂ, 0.07 ಬಂದಿತ್ತು. ಕ್ಲಾಸಿನಲ್ಲಿ ಹೇಳಿಕೊಟ್ಟ ಗೆರೆ 0.05, ಅದಕ್ಕಿಂತ ಕೆಳಗಿದ್ದರೆ ಮಾತ್ರ ಸಿಗ್ನಿಫಿಕಂಟ್. “ಇಷ್ಟರಾಗ ತಪ್ಪಿತು ನೋಡ್ ಅತ್ಯಾ” ಎಂದು ಎರಡು ಬೆರಳಿನ ನಡುವೆ ಸಂದಿ ಮಾಡಿ ತೋರಿಸಿದಳು. ಅವಳ ಕ್ಲಾಸಿನ ಹುಡುಗನೊಬ್ಬ ಆಗಲೇ ಉಪಾಯ ಹೇಳಿದ್ದನಂತೆ: ಟೂ-ಟೇಲ್ಡ್ (ಹೆಚ್ಚು, ಕಡಿಮೆ ಎರಡೂ ಕಡೆ ನೋಡುವುದು) ಬಿಡು, ಒನ್-ಟೇಲ್ಡ್ (ಒಂದೇ ಕಡೆ ನೋಡುವುದು) ಮಾಡು, ಪಿ ಅರ್ಧ ಆಗುತ್ತದೆ, 0.035. ಬುದ್ಧಿವಂತ ಹುಡುಗ. ಮುಂದೆ ದೊಡ್ಡ ಸಂಬಳ ಎಣಿಸುತ್ತಾನೆ, ಅನುಮಾನವೇ ಬೇಡ.

ಅವನ ಲೆಕ್ಕದಲ್ಲಿ ತಪ್ಪಿಲ್ಲ. ಒನ್-ಟೇಲ್ಡ್ ಎಂಬುದು ಅಕ್ರಮವೂ ಅಲ್ಲ. ದೂರದವರ ನಿದ್ದೆ ಕಡಿಮೆ ಇರಬಹುದೇ ಎಂಬುದನ್ನಷ್ಟೇ ನೋಡುತ್ತೇವೆ, ಹೆಚ್ಚಿದ್ದರೆ ಅದು ನಮಗೆ ಬೇಡ ಎಂದು ಫಾರ್ಮ್ ಕಳಿಸುವ ಮೊದಲೇ ಬರೆದಿಟ್ಟಿದ್ದರೆ ಯಾರೂ ತಕರಾರು ತೆಗೆಯುತ್ತಿರಲಿಲ್ಲ. 0.07 ಕಂಡ ಮೇಲೆ ಬಾಲ ಕತ್ತರಿಸಿದರೆ ಆ 0.035ನ್ನು ನಂಬಲು ಕಾರಣವೇ ಉಳಿಯುವುದಿಲ್ಲ. ಜಾತಕ ಕೂಡಿಬರುವ ತನಕ ಜ್ಯೋತಿಷಿಗಳನ್ನು ಬದಲಿಸುತ್ತ ಹೋದ ಹಾಗೆ. ಕಡೆಗೊಬ್ಬರು ಮೂವತ್ತಾರಕ್ಕೆ ಇಪ್ಪತ್ತೆಂಟು ಗುಣ ಎನ್ನುತ್ತಾರೆ, ಮದುವೆಯೂ ಆಗುತ್ತದೆ, ಮೊದಲಿನವರು ಏನು ಹೇಳಿದ್ದರೆಂದು ಬೀಗರಿಗೆ ಯಾರೂ ಹೇಳುವುದಿಲ್ಲ. (ನಮ್ಮ ಅಣ್ಣನ ಮದುವೆ ಆದದ್ದೇ ಹೀಗೆ. ಅತ್ತಿಗೆ ಇದನ್ನು ಓದುವುದಿಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.)

ಆ 0.05 ಕೂಡ ಆಕಾಶದಿಂದ ಇಳಿದದ್ದಲ್ಲ. ಇಪ್ಪತ್ತರಲ್ಲಿ ಒಂದು ಎಂಬುದನ್ನು ಅನುಕೂಲಕ್ಕೆ ಒಂದು ಮಿತಿ ಎಂದು ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1925ರ ತಮ್ಮ ಪುಸ್ತಕದಲ್ಲಿ ಬರೆದರು. ಅನುಕೂಲ ಹೋಗಿ ಕಾನೂನಾಯಿತು. ಇನ್ನು ಸರ್ ಕೇಳಿದ ಐದು ಟೆಸ್ಟಿನ ವಿಷಯ. ಎಲ್ಲಿಯೂ ನಿಜವಾದ ವ್ಯತ್ಯಾಸವೇ ಇಲ್ಲದಿದ್ದರೂ, ಒಂದಕ್ಕೊಂದು ಸಂಬಂಧವಿಲ್ಲದ ಐದು ಟೆಸ್ಟ್ ಮಾಡಿದರೆ ಒಂದರಲ್ಲಾದರೂ ‘ಸಿಗ್ನಿಫಿಕಂಟ್’ ಬೀಳುವ ಸಂಭವ ನೂರಕ್ಕೆ ಸುಮಾರು 23. ಇಪ್ಪತ್ತು ಮಾಡಿದರೆ 64. ಬೇಕಾದ್ದು ಬರುವವರೆಗೆ ಟೆಸ್ಟ್ ಹಚ್ಚುತ್ತ ಹೋದರೆ ಯಾವುದೋ ಒಂದು ಬಂದೇ ಬರುತ್ತದೆ. ಅವಳ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕೊಡುವುದಾದರೆ ಅದೇ!

“ಟೆಸ್ಟ್ ಇರ್ಲಿ, ಫಾರ್ಮ್ ತೋರ್ಸು” ಅಂದೆ. ಟೆಸ್ಟ್ ನಿರ್ಧಾರವಾಗುವುದು ಪ್ರಶ್ನೆ ಬರೆಯುವ ಹೊತ್ತಿನಲ್ಲಿ. ಎಸ್‌ಪಿಎಸ್‌ಎಸ್ ಎಂಬ ಲೆಕ್ಕದ ಸಾಫ್ಟ್‌ವೇರ್ ತೆರೆಯುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಲೇಟ್ ಮಾರ್ಕ್ ಬೀಳುತ್ತದೆಯೇ, ಹೌದು ಅಥವಾ ಇಲ್ಲ; ಅದನ್ನು ಲೈನಿನ ಪ್ರಕಾರ ನೋಡಲು, ತಲೆ ಎಣಿಸಿ ಮನೆ ಮನೆಗೆ ಹಂಚಿ ಹೋಲಿಸುವ ಕೈ-ಸ್ಕ್ವೇರ್, ಕಾರ್ಲ್ ಪಿಯರ್ಸನ್ 1900ರಲ್ಲಿ ಕೊಟ್ಟದ್ದು. ಆದರೆ ಹಾರ್ಬರ್‌ನವರು ಇರುವುದೇ ಒಂಬತ್ತು ಮಂದಿ. ಒಂಬತ್ತನ್ನು ಎರಡು ಮನೆಗೆ ಹಂಚಿದರೆ ಒಂದರಲ್ಲಾದರೂ ನಿರೀಕ್ಷಿತ ಸಂಖ್ಯೆ (ಲೈನಿಗೂ ಲೇಟಿಗೂ ಸಂಬಂಧವಿಲ್ಲದಿದ್ದರೆ ಅಲ್ಲಿರಬೇಕಾದ ಎಣಿಕೆ) ಐದಕ್ಕಿಂತ ಕೆಳಗಿಳಿಯಲೇಬೇಕು. ಅಷ್ಟು ಸಣ್ಣ ಎಣಿಕೆಯಲ್ಲಿ ಕೈ-ಸ್ಕ್ವೇರ್ ನೆಚ್ಚುವಂತಿಲ್ಲ, ಅಂಥಲ್ಲಿ ಫಿಶರ್‌ನ ಎಕ್ಸಾಕ್ಟ್ ಟೆಸ್ಟ್ ವಾಸಿ. ಯಾವ ವಾಹನದಲ್ಲಿ ಬರುತ್ತೀರಿ ಎಂಬುದಕ್ಕೆ ಎಷ್ಟು ಬೇಕಾದರೂ ಟಿಕ್ ಮಾಡಬಹುದು ಎಂದಿಟ್ಟಿದ್ದಳು. ರಿಕ್ಷಾ, ಲೋಕಲ್, ಬೆಸ್ಟ್ ಬಸ್ಸು ಹಿಡಿದು ಬರುವ ಒಬ್ಬನೇ ಹುಡುಗ ಮೂರು ಮನೆಯಲ್ಲಿ ಕೂತಿದ್ದಾನೆ. ಮಾಮೂಲಿ ಕೈ-ಸ್ಕ್ವೇರ್ ಅಲ್ಲಿ ನಡೆಯುವುದಿಲ್ಲ, ಒಬ್ಬರಿಗೆ ಒಂದೇ ಮನೆ.

ಪ್ರಯಾಣ ತೃಪ್ತಿಕರವೇ, 1ರಿಂದ 5. ರೆನ್ಸಿಸ್ ಲೈಕರ್ಟ್ 1932ರಲ್ಲಿ ಇಂಥ ಅಳತೆ ತಂದಾಗಿನಿಂದ ಸರ್ವೆ ಮಾಡುವವರಿಗೆ ಇದಿಲ್ಲದೆ ಆಗುವುದಿಲ್ಲ. ವೆಸ್ಟರ್ನ್ 3.4, ಸೆಂಟ್ರಲ್ 3.1 ಎಂದು ಸರಾಸರಿ ತೆಗೆದಿದ್ದಳು. ಒಂದರಿಂದ ಎರಡಕ್ಕೆ ಇರುವ ದೂರ ನಾಲ್ಕರಿಂದ ಐದಕ್ಕೂ ಇದೆ ಎಂದು ಯಾರು ಹೇಳಿದರು? ಇಂಥ ಒಂದೊಂದು ಪ್ರಶ್ನೆಗೂ ಸರಾಸರಿ ತೆಗೆಯಬಹುದೆನ್ನುವ ಪಂಡಿತರೂ ಇದ್ದಾರೆ, ಜಗಳ ಹಳೆಯದು. ನಾನು ದರ್ಜೆ, ಅಂದರೆ ಯಾವುದು ಮೇಲೆ ಯಾವುದು ಕೆಳಗೆ ಎಂಬ ಕ್ರಮವನ್ನಷ್ಟೇ ನೋಡುವವರ ಪಕ್ಷ: ಎರಡೇ ಗುಂಪಾದರೆ ಮ್ಯಾನ್-ವಿಟ್ನಿ ಟೆಸ್ಟ್, ಇಲ್ಲಿ ಮೂರು ಲೈನ್ ಇರುವುದರಿಂದ ಕ್ರುಸ್ಕಲ್-ವಾಲಿಸ್.

ಇದೆಲ್ಲ ಸರಿಪಡಿಸಬಹುದಾದ ಮಾತು. ನನಗೆ ಹೆಚ್ಚು ತೊಡಕೆನಿಸಿದ್ದು ಉತ್ತರಗಳು ಬಂದ ಸಮಯದ ಕಾಲಂ. ಒಂದೇ ಬೆಳಿಗ್ಗೆ, ಒಂದೇ ಹತ್ತು ನಿಮಿಷದಲ್ಲಿ ರಾಶಿ ಉತ್ತರ ಬಂದಿದೆ. ಕೇಳಿದರೆ, ತನ್ನ ಟ್ರೇನ್ ಗ್ರೂಪಿನವರಿಗೆ ಲಿಂಕ್ ಕಳಿಸಿದಳಂತೆ, ಎಲ್ಲರೂ ಡಬ್ಬಿಯಲ್ಲಿ ನಿಂತು ಒಬ್ಬರದೊಬ್ಬರು ನೋಡಿಕೊಂಡು ನಗುತ್ತ ತುಂಬಿದರಂತೆ. “ನೀ ಎಷ್ಟ್ ಬರದೀ? ಆರ್ ತಾಸಾ? ನಾನೂ ಆರ್ ಬರೀತೀನಿ.” ಟಿ-ಟೆಸ್ಟೇ ಇರಲಿ ಮ್ಯಾನ್-ವಿಟ್ನಿಯೇ ಇರಲಿ, ಒಬ್ಬರ ಉತ್ತರ ಇನ್ನೊಬ್ಬರದರ ಮೇಲೆ ನಿಂತಿಲ್ಲ ಎಂದು ಹಿಡಿದುಕೊಂಡೇ ಲೆಕ್ಕ ಶುರುಮಾಡುತ್ತವೆ. ಪ್ರಯಾಣದ ಸಮಯಕ್ಕೂ ಅರವತ್ತು, ತೊಂಬತ್ತು, ನೂರಿಪ್ಪತ್ತು ನಿಮಿಷಗಳೇ. ಎಪ್ಪತ್ತೆರಡು ನಿಮಿಷ ಬರೆದ ಪುಣ್ಯಾತ್ಮ ಒಬ್ಬನೂ ಇಲ್ಲ. ಗಾಡಿಯಲ್ಲಿ ಮಾಡುವ ನಿದ್ದೆ ಲೆಕ್ಕಕ್ಕೆ ಸೇರುತ್ತದೆಯೋ ಇಲ್ಲವೋ ಎಂಬುದನ್ನಂತೂ ಫಾರ್ಮ್ ಹೇಳಿಯೇ ಇಲ್ಲ. ಕರ್ಜತ್‌ನಿಂದ ಕಿಟಕಿ ಸೀಟು ಹಿಡಿದು ಬರುವವರು ದಾದರ್ ಬರುವವರೆಗೆ ಕಣ್ಣೇ ಬಿಡುವುದಿಲ್ಲ!

ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನನ್ನು ಕರೆದರೆ ಅವನು ಹೆಚ್ಚೆಂದರೆ ಪೋಸ್ಟ್‌ಮಾರ್ಟಮ್ ಮಾಡಬಲ್ಲ ಎಂದು ಇದೇ ಫಿಶರ್ ಹೇಳಿದ್ದು ನಮ್ಮ ದೇಶದಲ್ಲೇ, 1938ರಲ್ಲಿ ಕಲ್ಕತ್ತೆಯ ಮೊದಲ ಭಾರತೀಯ ಸಂಖ್ಯಾಶಾಸ್ತ್ರ ಸಮ್ಮೇಳನದ ಅಧ್ಯಕ್ಷ ಭಾಷಣದಲ್ಲಿ. ನಾನು ಅದನ್ನು ಹೇಳುತ್ತಿದ್ದಾಗ ಅಣ್ಣ ಅಡುಗೆಮನೆಯಿಂದಲೇ ಕೂಗಿದ: “ಯಾರ್ ನೋಡ್ತಾರವ್ವಾ ಅದನ್ನೆಲ್ಲಾ? ಐದ್ ಟೆಸ್ಟ್ ಹಾಕಿ ಕಳಸ್ರಿ, ಸಾರು ಆರಾಕತ್ತೇದ.” ಜೀವನವಿಡೀ ಬ್ಯಾಂಕಿನಲ್ಲಿ ಪೈಸೆ ಪೈಸೆ ಟ್ಯಾಲಿ ಮಾಡಿದ ಮನುಷ್ಯ ಮಗಳಿಗೆ ಹೇಳುವ ಮಾತೇ ಇದು? ಸಿಟ್ಟು ಬಂತು. ಆದರೆ ಯಾರೂ ನೋಡುವುದಿಲ್ಲ ಎಂಬುದು ಸುಳ್ಳಲ್ಲವಲ್ಲ.

ಆಗಿನಿಂದ ಯೋಚಿಸುತ್ತಿದ್ದೇನೆ: 0.07 ಕಂಡ ಕೂಡಲೇ ನಪಾಸಾದವಳಂತೆ ಅವಳ ಮುಖ ಯಾಕೆ ಬಾಡಿತು? ಶಾಲೆಯಿಂದಲೇ ನಾವು ಮಕ್ಕಳಿಗೆ ಉತ್ತರ ಗೊತ್ತಿರುವ ಪ್ರಯೋಗಗಳನ್ನಷ್ಟೇ ಮಾಡಿಸುತ್ತೇವೆ. ನಮ್ಮ ಕಾಲದ ಪ್ರಾಕ್ಟಿಕಲ್‌ನಲ್ಲಿ ಲೋಲಕ ಎಷ್ಟೇ ಅಡ್ಡಾದಿಡ್ಡಿ ತೂಗಿದರೂ ಎಲ್ಲರ ಜರ್ನಲ್‌ನಲ್ಲೂ ಗುರುತ್ವಕ್ಕೆ ಪುಸ್ತಕದ 9.8 ಬರುತ್ತಿತ್ತು. ನನ್ನ ಆಫೀಸಿನಲ್ಲಿ ಸಾಹೇಬರು ಪ್ರತಿ ತ್ರೈಮಾಸಿಕಕ್ಕೆ ಕೇಳುವುದೂ ಅದನ್ನೇ, ಯಾವ ತಿಂಗಳ ಜತೆ ಹೋಲಿಸಿದರೆ ಬೆಳವಣಿಗೆ ಕಾಣುತ್ತದೆ ನೋಡಿ ಅಂತ. ಅವರ ಮುಂದೆ ನನ್ನ ಫಿಶರ್ ಬಾಯಿ ಬಿಡುವುದಿಲ್ಲ, ನೌಕರಿ ಬೇಕಲ್ಲ. ಟಿ-ಟೆಸ್ಟ್ ಹುಟ್ಟಿದ್ದು ಮಾತ್ರ ಬೇರೆ ಥರದ ಆಫೀಸಿನಲ್ಲಿ. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ವಿಲಿಯಂ ಗಾಸೆಟ್, ಕೈಯಲ್ಲಿ ನಾಲ್ಕಾರು ಮಾದರಿಯಷ್ಟೇ ಇದ್ದಾಗ ಎಷ್ಟು ಧೈರ್ಯವಾಗಿ ಮಾತಾಡಬಹುದು ಎಂಬ ಲೆಕ್ಕ ಹುಡುಕಿ, 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಪ್ರಕಟಿಸಿದ. ಎರಡು ಬಾರ್ಲಿಯಲ್ಲಿ ವ್ಯತ್ಯಾಸ ಕಾಣದಿದ್ದರೆ ಅಂಥ ಕಡೆ ಯಾರೂ ಅಳುವುದಿಲ್ಲ, ಅಗ್ಗದ್ದನ್ನು ಕೊಳ್ಳುತ್ತಾರೆ.

ಬುಧವಾರ ಫೋನ್ ಮಾಡಿದಳು. ವಾಹನದ ಕೈ-ಸ್ಕ್ವೇರ್ ತೆಗೆದಿದ್ದಾಳೆ, ಟ್ರೇನ್ ಗ್ರೂಪಿನ ಕಥೆಯನ್ನು ಮಿತಿಗಳು ಎಂಬ ಭಾಗದಲ್ಲಿ ಬರೆದಿದ್ದಾಳೆ. “ಆದ್ರ ಈಗ ಮೂರ ಟೆಸ್ಟ್ ಉಳದಾವ ಅತ್ಯಾ. ಇನ್ನೆರಡು ಯಾಕ ಮಾಡಿಲ್ಲ ಅಂತ ಬರದ್ರ ಸರ್ ಅದನ್ನೂ ಟೆಸ್ಟ್ ಅಂತ ಎಣಸ್ತಾರೇನು?” ಎಣಿಸಲಿಕ್ಕಿಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಇರ್ಲಿ ಬಿಡ್ರಿ” ಅಂದಳು. ನಿನ್ನೆ ಪಿಡಿಎಫ್ ಬಂತು. ಮೂರೇ ಟೆಸ್ಟ್, 0.07 ಹಾಗೇ ಇದೆ. ಆ ಬುದ್ಧಿವಂತ ಹುಡುಗನ ಪ್ರಾಜೆಕ್ಟಿನಲ್ಲಿ ಐದಕ್ಕೆ ಐದೂ ಸಿಗ್ನಿಫಿಕಂಟ್ ಬಂದಿವೆಯಂತೆ. ಇಬ್ಬರದೂ ವೈವಾ ಸೋಮವಾರ, ಸರ್ ಒಬ್ಬರೇ.