ಮೆಟ್ಟಿಲುಗಳನ್ನು ಮೊದಲು ಎಣಿಸಿಕೊಂಡ ಪ್ರವಾಸ

ಶ್ರೀಲಂಕಾದ ಬೆಟ್ಟದ ಸೀಮೆಗೆ ಹೋಗಬೇಕೆಂಬ ಆಸೆ ನಮ್ಮ ಮನೆಯಲ್ಲಿ ಹುಟ್ಟಿದ್ದು ನನಗೆ ಮೈಯೆಲ್ಲ ನೋವು ದಣಿವು ತರುವ ಫೈಬ್ರೊಮಯಾಲ್ಜಿಯಾ ಇದೆಯೆಂದು ತಿಳಿಯುವುದಕ್ಕೂ ಮೊದಲು. ಆಗ ನಾನು ತಿಂಗಳಿಗೊಮ್ಮೆಯಾದರೂ ನಸುಕಿನಲ್ಲಿ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಹತ್ತಿ ಇಳಿದು, ಮನೆಗೆ ಬಂದು ಸ್ನಾನ ಮಾಡಿ, ಹತ್ತು ಗಂಟೆಗೆ ಬ್ಯಾಂಕಿನ ಕೆಲಸಕ್ಕೆ ಹಾಜರಾಗುತ್ತಿದ್ದೆ. ಕಾಯಿಲೆ ಬಂದ ಮೇಲೆ ಆರು ವರ್ಷ ಆ ಆಸೆಯ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ನನಗೆ ನೋವಾದೀತೆಂದು ಅವರು ಸುಮ್ಮನಿದ್ದರು, ಅವರಿಗೆ ಭಾರವಾದೀತೆಂದು ನಾನು ಸುಮ್ಮನಿದ್ದೆ. ಕೊನೆಗೆ 2024ರ ಫೆಬ್ರುವರಿಯಲ್ಲಿ ಪತಿ, ಮಗಳು ಮತ್ತು ನಾನು ಹನ್ನೊಂದು ರಾತ್ರಿಗಳ ಪ್ರವಾಸ ಮುಗಿಸಿ ಬಂದೆವು. ಇದೇ ಬಗೆಯ ನೋವು ದಣಿವುಗಳೊಡನೆ ಬದುಕುತ್ತಿರುವ ಗೆಳತಿಯರಿಬ್ಬರು ಅದನ್ನು ಹೇಗೆ ಯೋಜಿಸಿದಿರೆಂದು ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಈ ಕಾಯಿಲೆಯಲ್ಲಿ ಕೀಲುಗಳು ಸವೆಯುವುದಿಲ್ಲ, ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ. ನೋವಿನ ಸಂದೇಶಗಳನ್ನು ನರಮಂಡಲವೇ ಹಿಗ್ಗಿಸಿಕೊಳ್ಳುತ್ತದೆ, ಎಂಟು ಗಂಟೆ ಮಲಗಿ ಎದ್ದರೂ ದಣಿವು ಆರಿರುವುದಿಲ್ಲ. ಪ್ರಯಾಣದ ಮಟ್ಟಿಗೆ ನನಗೆ ಇವೆಲ್ಲಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಇವತ್ತು ಪಟ್ಟ ಶ್ರಮದ ಬೆಲೆಯನ್ನು ದೇಹ ಇವತ್ತೇ ಕೇಳುವುದಿಲ್ಲ. ನಾಳೆ, ಕೆಲವು ಸಲ ನಾಡಿದ್ದು ಕೇಳುತ್ತದೆ. ಆದ್ದರಿಂದ ಒಂದು ಜಾಗವನ್ನು ನೋಡಲು ನನ್ನಿಂದ ಸಾಧ್ಯವೇ ಎಂಬ ಪ್ರಶ್ನೆಯಿಂದ ಪ್ರಯೋಜನವಿಲ್ಲ, ಅದನ್ನು ನೋಡಿದ ಮರುದಿನ ನಾನು ಎಲ್ಲಿರುತ್ತೇನೆ, ಆ ದಿನ ಏನನ್ನು ಮಾಡಲೇಬೇಕಾಗಿರುತ್ತದೆ ಎಂಬುದನ್ನು ಕೇಳಿಕೊಳ್ಳಬೇಕು.

ಮೊದಲು ಒಂದು ಪ್ರವಾಸ ಸಂಸ್ಥೆಯವರು ಆರು ದಿನಗಳ ಪಟ್ಟಿಯೊಂದನ್ನು ಕಳುಹಿಸಿದ್ದರು. ಸಿಗಿರಿಯ, ದಂಬುಲ್ಲ, ಕ್ಯಾಂಡಿ, ನುವರ ಎಲಿಯ, ಹಾರ್ಟನ್ ಪ್ಲೇನ್ಸ್, ‘ಎಲ್ಲ’ ಎಂಬ ಹೆಸರಿನ ಊರು, ಕೊನೆಗೆ ಸಮುದ್ರ ತೀರ. ಅದರಲ್ಲಿ ಎರಡು ರಾತ್ರಿ ಒಂದೇ ಹಾಸಿಗೆಯಲ್ಲಿ ಮಲಗುವ ಅವಕಾಶವೇ ಇರಲಿಲ್ಲ. ಆ ಪಟ್ಟಿಯನ್ನು ಬದಿಗಿಟ್ಟು, ಬಿಡಬೇಕಾದುದನ್ನು ಮೊದಲು ಬರೆದುಕೊಳ್ಳೋಣ ಎಂದು ಪತಿಗೆ ಹೇಳಿದೆ. 5,500 ಮೆಟ್ಟಿಲುಗಳ ಶ್ರೀಪಾದ ಪರ್ವತವನ್ನು ಬಿಡುವುದು ಕಷ್ಟವಾಗಲಿಲ್ಲ. ಹಾರ್ಟನ್ ಪ್ಲೇನ್ಸಿನ ‘ಜಗತ್ತಿನ ಅಂಚು’ ಎಂಬ ಪ್ರಪಾತವನ್ನು ನೋಡಲು ಸುಮಾರು 9 ಕಿಲೋಮೀಟರ್ ನಡೆಯಬೇಕು, ಅದೂ ಮಂಜು ಕವಿಯುವ ಮೊದಲು, ಬೆಳಗಿನ ಜಾವದಲ್ಲಿ ಹೊರಟು, ನನ್ನ ದೇಹ ಅತ್ಯಂತ ಬಿಗಿಯಾಗಿರುವುದು ಆ ಹೊತ್ತಿನಲ್ಲೇ, ಹಾಗಾಗಿ ಅದೂ ಹೋಯಿತು. ಸಿಗಿರಿಯ ಮಾತ್ರ ಹಾಗಲ್ಲ. ಸುಮಾರು 1,200 ಮೆಟ್ಟಿಲುಗಳ ಆ ಬಂಡೆಯನ್ನು ನನ್ನ ಪತಿ ಶಾಲೆಯ ದಿನಗಳಿಂದಲೂ ಮನಸ್ಸಿನಲ್ಲಿಟ್ಟುಕೊಂಡಿದ್ದರು. ‘ನೀನಿಲ್ಲದೆ ನಾವು ಹೋಗುವುದಿಲ್ಲ’ ಎಂದು ಅವರು ಹೇಳಿದಾಗ ನನಗೆ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು. ನನ್ನ ಕಾಯಿಲೆಗಾಗಿ ಇನ್ನೊಬ್ಬರು ತಮ್ಮ ಬದುಕಿನಿಂದ ಒಂದು ತುಂಡನ್ನು ಕತ್ತರಿಸಿ ಕೊಡುವುದು ಪ್ರೀತಿಯೇ ಇರಬಹುದು, ಆದರೆ ಅದನ್ನು ಹೊರುವುದು ನೋವನ್ನು ಹೊರುವುದಕ್ಕಿಂತ ಕಠಿಣ. ಎರಡು ಸಂಜೆ ಮಾತಾಡಿದ ಮೇಲೆ, ಕ್ಯಾಂಡಿಗೆ ತಲುಪಿದ ಮರುದಿನ ಅವರಿಬ್ಬರೂ ಕಾರಿನಲ್ಲಿ ಸಿಗಿರಿಯಕ್ಕೆ ಹೋಗಿ ಬರುವುದು, ನಾನು ಅಂದು ಕೋಣೆಯಲ್ಲೇ ಇರುವುದು ಎಂದು ಒಪ್ಪಿಕೊಂಡೆವು. ಹೇಗಿದ್ದರೂ ಅದು ನನಗೆ ಮಲಗಿರಲೇಬೇಕಾದ ದಿನ. ಇಡೀ ಯೋಜನೆಯಲ್ಲಿ ಅತ್ಯಂತ ಬೆಲೆಯುಳ್ಳ ತೀರ್ಮಾನ ಇದೇ ಎಂದು ಈಗಲೂ ನಂಬುತ್ತೇನೆ.

ಹೀಗೆ ಉಳಿದ ಪಟ್ಟಿ ಚಿಕ್ಕದಾಯಿತು: ವಿಮಾನ ನಿಲ್ದಾಣಕ್ಕೆ ಹತ್ತಿರದ ನೆಗೊಂಬೊದಲ್ಲಿ ಒಂದು ರಾತ್ರಿ, ಕ್ಯಾಂಡಿಯಲ್ಲಿ ನಾಲ್ಕು, ನುವರ ಎಲಿಯದಲ್ಲಿ ಎರಡು, ‘ಎಲ್ಲ’ದಲ್ಲಿ ಮೂರು, ಮರಳುವಾಗ ಮತ್ತೆ ನೆಗೊಂಬೊದಲ್ಲಿ ಒಂದು. ಊರು ಬದಲಿಸುವ ದಿನ ಬೇರೆ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬಾರದು, ತಲುಪಿದ ಮರುದಿನ ನನ್ನ ಪಾಲಿಗೆ ಆದಷ್ಟೂ ಖಾಲಿಯಾಗಿರಬೇಕು ಎಂಬುದು ನಿಯಮ. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆಯ ಹಾದಿ. ಅದಕ್ಕಿಂತ ಮೈಸೂರಿನಿಂದ ದೇವನಹಳ್ಳಿಗೆ ಹೋಗುವುದೇ ದೀರ್ಘ. ಆದ್ದರಿಂದ ಹಿಂದಿನ ದಿನವೇ ಹೊರಟು ನಿಲ್ದಾಣದ ಹತ್ತಿರ ಉಳಿದೆವು. ಎರಡೂ ದೇಶಗಳ ಗಡಿಯಾರ ಒಂದೇ ಆಗಿರುವುದರಿಂದ ಮಾತ್ರೆಗಳ ಹೊತ್ತನ್ನು ಬದಲಿಸುವ ತೊಂದರೆಯಿಲ್ಲ. ಮಾತ್ರೆಗಳನ್ನು ವೈದ್ಯರ ಚೀಟಿಯೊಡನೆ ಕೈಚೀಲದಲ್ಲೇ ಇಟ್ಟುಕೊಂಡಿದ್ದೆ.

ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿ ಬೇಕೆಂದು ಮೊದಲೇ ತಿಳಿಸುವುದಕ್ಕೆ ನನ್ನ ಮನಸ್ಸು ಬಹಳ ದಿನ ಒಪ್ಪಲಿಲ್ಲ. ನಡೆಯಬಲ್ಲವಳು ಕುಳಿತು ಹೋದರೆ ನೋಡುವವರು ಏನೆಂದುಕೊಂಡಾರು ಎಂಬ ಅಳುಕು ಅದು. ಆದರೆ ನನಗೆ ನಡೆಯುವುದಕ್ಕಿಂತ ಸರತಿಯಲ್ಲಿ ನಿಲ್ಲುವುದೇ ಹೆಚ್ಚು ದುಬಾರಿ. ನಿಲ್ದಾಣವೆಂದರೆ ಸರತಿಯ ಮೇಲೆ ಸರತಿ. ಕುರ್ಚಿಯಲ್ಲಿ ಉಳಿಸಿಕೊಂಡ ಆ ಶಕ್ತಿಯಿಂದಲೇ ಅಂದು ಸಂಜೆ ನೆಗೊಂಬೊದ ಮರಳಿನ ಮೇಲೆ ಮಗಳೊಡನೆ ಇಪ್ಪತ್ತು ನಿಮಿಷ ನಡೆದೆ.

ವಸತಿಯ ವಿಷಯದಲ್ಲಿ ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ಗುಡ್ಡದ ಊರುಗಳಲ್ಲಿ ಎಡವುವುದು ಅಲ್ಲೇ. ‘ನೆಲಮಹಡಿಯ ಕೋಣೆ’ ಎಂಬ ಮಾತಿಗೆ ಇಳಿಜಾರಿನಲ್ಲಿ ಅರ್ಥವೇ ಇಲ್ಲ. ರಸ್ತೆ ಮನೆಯ ನೆತ್ತಿಯ ಮೇಲಿರಬಹುದು, ನೆಲಮಹಡಿ ಅದಕ್ಕಿಂತ ಮೂರು ಅಂತಸ್ತು ಕೆಳಗಿರಬಹುದು. ಎಲ್ಲದಲ್ಲಿ ನಾವು ಕಾದಿರಿಸಿದ್ದ ವಸತಿಗೃಹದವರು ಫೋನಿನಲ್ಲಿ ‘ಕೆಲವೇ ಮೆಟ್ಟಿಲು’ ಎಂದಿದ್ದರು. ಕಾರು ನಿಂತ ಜಾಗದಿಂದ ಕೋಣೆಯ ಬಾಗಿಲಿಗೆ ನಾನು ಎಣಿಸಿದ್ದು 64, ಕೈಗೆ ಆಸರೆಯಾಗುವ ಕಂಬಿ ಒಂದು ಕಡೆಯೂ ಇರಲಿಲ್ಲ. ಅವರು ಸುಳ್ಳು ಹೇಳಿದರೆಂದು ನಾನು ಹೇಳುವುದಿಲ್ಲ. ದಿನಕ್ಕೆ ಇಪ್ಪತ್ತು ಸಲ ಹತ್ತಿಳಿಯುವವರಿಗೆ ಅದು ನಿಜವಾಗಿಯೂ ಕೆಲವೇ ಮೆಟ್ಟಿಲು. ತಪ್ಪು ನನ್ನ ಪ್ರಶ್ನೆಯಲ್ಲಿತ್ತು. ಕ್ಯಾಂಡಿಯ ವಸತಿಯನ್ನು ಹುಡುಕುವಾಗ, ಕಾರು ನಿಲ್ಲುವ ಸ್ಥಳದಿಂದ ಮಂಚದವರೆಗೆ ಒಟ್ಟು ಎಷ್ಟು ಮೆಟ್ಟಿಲು, ತಿಂಡಿ ಕೊಡುವುದು ಯಾವ ಮಹಡಿಯಲ್ಲಿ, ಕಂಬಿ ಇದೆಯೇ, ಬಚ್ಚಲಿನ ನೆಲ ಜಾರುತ್ತದೆಯೇ ಎಂದು ಒಂದೊಂದಾಗಿ ಕೇಳಿ, ದಾರಿಯ ಚಿತ್ರಗಳನ್ನೂ ತರಿಸಿಕೊಂಡಿದ್ದೆ. ‘ಎಲ್ಲ’ದ ವಸತಿಯ ಹೊತ್ತಿಗೆ ಕೇಳಿ ಕೇಳಿ ಸಾಕಾಗಿ ಒಂದೇ ಮಾತಿನಲ್ಲಿ ಮುಗಿಸಿದ್ದೆ. ಅದರ ಫಲವಾಗಿ ಮರುದಿನವಿಡೀ ಬಿಸಿನೀರಿನ ಚೀಲದೊಡನೆ ಮಲಗಿದೆ. ಪಟ್ಟಿಯಲ್ಲಿ ಅದು ಮೊದಲೇ ಖಾಲಿ ದಿನವಾಗಿದ್ದುದರಿಂದ ಯಾರ ಯಾವ ಕಾರ್ಯಕ್ರಮವೂ ಕೆಡಲಿಲ್ಲ.

ಎತ್ತರವನ್ನೂ ಚಳಿಯನ್ನೂ ನಾನು ನಮ್ಮ ಊರುಗಳ ಲೆಕ್ಕದಲ್ಲೇ ಅಂದಾಜು ಮಾಡಿಕೊಂಡೆ. ‘ಎಲ್ಲ’ 1,041 ಮೀಟರ್ ಎತ್ತರದಲ್ಲಿದೆ, ಹೆಚ್ಚುಕಡಿಮೆ ನಮ್ಮ ಚಿಕ್ಕಮಗಳೂರು ಪಟ್ಟಣದಷ್ಟು. ನುವರ ಎಲಿಯ 1,868 ಮೀಟರ್. ಎಂದರೆ ಮುಳ್ಳಯ್ಯನಗಿರಿಯ ತುದಿಗಿಂತ ತುಸುವೇ ಕೆಳಗೆ ಒಂದು ಇಡೀ ಪಟ್ಟಣ ಹರಡಿಕೊಂಡಂತೆ. ಫೆಬ್ರುವರಿಯಲ್ಲಿ ಬೆಟ್ಟದ ಸೀಮೆಯಲ್ಲಿ ಮಳೆ ಕಡಿಮೆಯೆಂದು ಆ ತಿಂಗಳನ್ನು ಆರಿಸಿದ್ದೆವು, ಆದರೆ ಅಲ್ಲಿನ ರಾತ್ರಿಯ ಥಂಡಿ ನನ್ನ ಭುಜ ಸೊಂಟಗಳಿಗೆ ಇಳಿಯಿತು. ಕೋಣೆಗೆ ಹೀಟರ್ ಇದೆಯೇ ಎಂದು ಕೇಳಿಟ್ಟುಕೊಂಡಿದ್ದು ಉಪಯೋಗಕ್ಕೆ ಬಂತು. ಆ ಊರಿನಲ್ಲಿ ಗ್ರೆಗರಿ ಕೆರೆಯ ದಂಡೆಯ ಸಮತಟ್ಟಾದ ದಾರಿಯಲ್ಲಿ ಅರ್ಧ ಗಂಟೆ, ಸೀತಾ ಎಲಿಯದ ಸೀತಮ್ಮನ ಗುಡಿಯಲ್ಲಿ ಸ್ವಲ್ಪ ಹೊತ್ತು, ಅಷ್ಟೇ. ಗುಡಿಯ ಪಕ್ಕದ ತೊರೆಯ ಸದ್ದು ಕೇಳುತ್ತ ಕುಳಿತಿದ್ದು ನನಗೆ ಬೇಕಾದಷ್ಟಾಯಿತು.

ಕ್ಯಾಂಡಿಯಿಂದ ನುವರ ಎಲಿಯಕ್ಕೆ ರಂಬೊಡದ ಮೇಲಿನ ರಸ್ತೆ 77 ಕಿಲೋಮೀಟರ್ ಮಾತ್ರ. ಆದರೆ ಹೇರ್‌ಪಿನ್ ತಿರುವುಗಳಲ್ಲಿ ತಲೆಯನ್ನು ನೆಟ್ಟಗೆ ಹಿಡಿಯಲು ಕತ್ತಿನ ಸ್ನಾಯುಗಳು ಮಾಡುವ ಕೆಲಸ ಕಿಲೋಮೀಟರ್ ಲೆಕ್ಕಕ್ಕೆ ಸಿಗುವುದಿಲ್ಲ. ಮುಕ್ಕಾಲು ಗಂಟೆಗೊಮ್ಮೆ ನಿಲ್ಲಿಸಬೇಕೆಂದು ಚಾಲಕರಿಗೆ ಹೊರಡುವ ಮೊದಲೇ ಹೇಳಿದ್ದೆ. ಅವರು ಪ್ರತಿ ಸಲವೂ ನಾನು ಕೇಳುವ ಮೊದಲೇ ನಿಲ್ಲಿಸಿ, ಬಾಗಿಲು ತೆರೆದು, ‘ಹೆಮಿನ್ ಹೆಮಿನ್’ ಎನ್ನುತ್ತಿದ್ದರು. ನಿಧಾನವಾಗಿ, ನಿಧಾನವಾಗಿ ಎಂದು ಅದರ ಅರ್ಥ. ಆರು ವರ್ಷಗಳಲ್ಲಿ ಆ ಮಾತನ್ನು ನನಗೆ ಅಷ್ಟು ಸಹಜವಾಗಿ ಹೇಳಿದವರು ಬೇರೆ ಯಾರೂ ಇಲ್ಲ.

ಹೆಸರಾದ ಬೆಟ್ಟದ ರೈಲಿನಲ್ಲಿ ಕ್ಯಾಂಡಿಯಿಂದ ಎಲ್ಲದವರೆಗೆ ಆರೇಳು ಗಂಟೆ ಕುಳಿತಿರಬೇಕು. ನಾವು ಅದರ ಅರ್ಧವನ್ನು ಮಾತ್ರ ಆರಿಸಿಕೊಂಡು, ನುವರ ಎಲಿಯಕ್ಕೆ ಹತ್ತಿರದ ‘ನಾನು ಓಯ’ ಎಂಬ ನಿಲ್ದಾಣದಲ್ಲಿ ಹತ್ತಿದೆವು. ಸಾಮಾನುಗಳನ್ನೆಲ್ಲ ಕಾರಿನಲ್ಲಿ ರಸ್ತೆಯ ಮೂಲಕ ಕಳುಹಿಸಿದ್ದರಿಂದ ಕೈಯಲ್ಲಿ ನೀರಿನ ಬಾಟಲಿ, ಒಂದು ಚಿಕ್ಕ ದಿಂಬು ಮಾತ್ರ. ಬೋಗಿಯ ಮೆಟ್ಟಿಲು ಪ್ಲಾಟ್‌ಫಾರ್ಮಿನಿಂದ ಎತ್ತರದಲ್ಲಿತ್ತು. ಮಗಳು ಮೊದಲು ಹತ್ತಿ ಕೈ ಕೊಟ್ಟಳು. 1,898 ಮೀಟರ್ ಎತ್ತರದ ಪಟ್ಟಿಪೊಲ ಆ ದೇಶದ ಅತಿ ಎತ್ತರದ ರೈಲು ನಿಲ್ದಾಣ. ಬೆಟ್ಟದ ಒಂದೂ ಮೆಟ್ಟಿಲು ಹತ್ತದೆ, ಕಿಟಕಿಗೆ ಒರಗಿಕೊಂಡು ನಾನು ಅಷ್ಟೆತ್ತರಕ್ಕೆ ಬಂದಿದ್ದೆ. ಅಲ್ಲಿ ಕಣ್ಣು ತುಂಬಿತು. (2025ರ ನವೆಂಬರಿನ ದಿತ್ವಾ ಚಂಡಮಾರುತದಿಂದ ಈ ಮಾರ್ಗಕ್ಕೂ ಬೆಟ್ಟದ ರಸ್ತೆಗಳಿಗೂ ತೀವ್ರ ಹಾನಿಯಾಗಿದೆ, ಈಗ ಹೋಗುವವರು ರೈಲು ಎಲ್ಲಿಂದ ಎಲ್ಲಿಯವರೆಗೆ ಓಡುತ್ತಿದೆ ಎಂಬುದನ್ನು ಕೇಳಿಕೊಂಡೇ ಯೋಜಿಸಬೇಕು.)

ಬುದ್ಧನದೆಂದು ನಂಬಿರುವ ಹಲ್ಲನ್ನು ಇಟ್ಟಿರುವ ಕ್ಯಾಂಡಿಯ ದಂತ ಮಂದಿರಕ್ಕೆ ಹೋಗುವವರಿಗೆ ಒಂದು ಮಾತು. ಪಾದರಕ್ಷೆಗಳನ್ನು ಹೊರಗೇ ಬಿಡಬೇಕಾದುದರಿಂದ ಬಿಸಿಲೇರಿದ ಮೇಲೆ ಕಲ್ಲಿನ ನೆಲ ಕಾಯುತ್ತದೆ, ಪೂಜೆಯ ಹೊತ್ತಿನಲ್ಲಿ ಮೇಲಿನ ಅಂತಸ್ತಿನಲ್ಲಿ ಜನ ಒತ್ತಾಗಿ ನಿಂತಿರುತ್ತಾರೆ. ನಾನು ಮೇಲೆ ಹೋಗದೆ ಕೆಳಗೇ ಗೋಡೆಯ ಬದಿಯಲ್ಲಿ ಕುಳಿತು ಡೋಲುಗಳ ನಾದವನ್ನು ಕೇಳಿದೆ. ಪೆರಾದೆನಿಯದ ಸಸ್ಯೋದ್ಯಾನಕ್ಕೆ ಬೇರೆಯೇ ಒಂದು ದಿನವನ್ನಿಟ್ಟಿದ್ದೆವು. ಮಹಾವೇಲಿ ನದಿ ಬಳಸಿಕೊಂಡು ಹರಿಯುವ ಆ 147 ಎಕರೆಗಳಲ್ಲಿ ಬಹುಭಾಗ ಸಮತಟ್ಟು. ನೋವಿರುವವರಿಗೆ ಕ್ಯಾಂಡಿಯ ಸುತ್ತ ಅದಕ್ಕಿಂತ ಒಳ್ಳೆಯ ಜಾಗವನ್ನು ನಾನು ಕಾಣಲಿಲ್ಲ.

ಎಲ್ಲದಲ್ಲಿ ಕೊನೆಯ ಪೂರ್ಣ ದಿನ, 1921ರಲ್ಲಿ ಮುಗಿದ ಒಂಬತ್ತು ಕಮಾನುಗಳ ಸೇತುವೆಯನ್ನು ಮೇಲಿನ ದಾರಿಯ ಚಹಾ ಅಂಗಡಿಯಲ್ಲಿ ಕುಳಿತೇ ನೋಡಿದೆ. ಅಲ್ಲಿಯವರೆಗೆ ಆಟೋದಲ್ಲಿ ಬಂದಿದ್ದೆವು. ಪತಿ, ಮಗಳು ಕೆಳಗಿಳಿದು ಹಳಿಯ ಪಕ್ಕದಿಂದ ನನ್ನ ಕಡೆಗೆ ಕೈಬೀಸಿದರು. ಮರಳುವಾಗ ಬೆಟ್ಟಗಳ ನಡುವಿನ ಹತ್ತಿರದ ದಾರಿಯನ್ನು ಬಿಟ್ಟು, ವೆಲ್ಲವಾಯಕ್ಕೆ ಇಳಿದು ದಕ್ಷಿಣದ ಎಕ್ಸ್‌ಪ್ರೆಸ್ ಹೆದ್ದಾರಿಯನ್ನು ಹಿಡಿದೆವು. ದೂರ ಹೆಚ್ಚಾದರೂ ತಿರುವುಗಳು ಕಡಿಮೆಯಾದ್ದರಿಂದ ನಾನು ಹಿಂದಿನ ಸೀಟಿನಲ್ಲಿ ಮಲಗಿಕೊಂಡೇ ಬಂದೆ.

ಮೈಸೂರಿಗೆ ಬಂದ ಮೇಲೆ ನಾಲ್ಕು ದಿನ ರಜೆಯನ್ನು ಮೊದಲೇ ಉಳಿಸಿಕೊಂಡಿದ್ದೆ. ಆ ದಿನಗಳಲ್ಲಿ ಯಾರೂ ಮನೆಗೆ ಬರಬೇಡಿರೆಂದು ಬಂಧುಗಳಿಗೂ ತಿಳಿಸಿದ್ದೆ. ಎರಡು ದಿನ ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ಮೂರನೆಯ ದಿನ ಅಡುಗೆಮನೆಗೆ ಹೋಗಿ, ನುವರ ಎಲಿಯದಿಂದ ತಂದಿದ್ದ ಚಹಾಪುಡಿಯ ಪೊಟ್ಟಣವನ್ನು ಒಡೆದು, ಮೂವರಿಗೂ ನಾನೇ ಚಹಾ ಮಾಡಿದೆ.